ಮೂವತ್ತು ಸೆಕೆಂಡು ಹಿಂದೆ ಓಡುವ ಕೋಣ

ದಲಾಲ್ ಸ್ಟ್ರೀಟಿನ ಷೇರುಪೇಟೆ ತನ್ನ ಹತ್ತಿರ ಬಂದ ಆರ್ಡರಿಗೆ 6 ಮೈಕ್ರೊಸೆಕೆಂಡಿನಲ್ಲಿ ಉತ್ತರ ಕೊಡುತ್ತೇನೆಂದು ಹೇಳಿಕೊಳ್ಳುತ್ತದೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ ಆರು ಚೂರು. ಅಲ್ಲಿಂದ ಆರಾಮಾಗಿ ನಡೆದುಕೊಂಡು ಬಂದರೆ ಸಿಗುವ ಬೋರಾ ಬಜಾರಿನಲ್ಲಿ, ಹಳೆಯ ಕಟ್ಟಡವೊಂದರ ಎರಡನೇ ಮಾಳಿಗೆಯಲ್ಲಿ, ನಾನು ಲೆಕ್ಕ ಬರೆಯುವ ಆಫೀಸಿದೆ. ಅಲ್ಲಿಯ ಕಂಪ್ಯೂಟರಿನ ಗುಂಡಿ ಒತ್ತಿ, ಕೆಳಗಿಳಿದು, ಚಹಾ ಕುಡಿದು, ಪೇಪರಿನ ಕೊನೆಯ ಪುಟ ಓದಿ ಮೇಲೆ ಬಂದರೂ ಪರದೆ ಇನ್ನೂ ನಮ್ಮನ್ನು ಸ್ವಾಗತಿಸುತ್ತಲೇ ಇರುತ್ತದೆ. ಮುಂಬಯಿಯ ಈ ಫೋರ್ಟಿನಲ್ಲಿ ಎಲ್ಲರೂ ಅವಸರದಲ್ಲಿರುತ್ತಾರೆಂಬ ಮಾತನ್ನು ನಾನು ನಂಬುವುದಿಲ್ಲ.

ಈ ಕಂಪ್ಯೂಟರಿಗೆ ನವೆಂಬರಿನಿಂದ ಬೇಸಿಗೆಯ ತನಕ ಶನಿವಾರ ಮಧ್ಯಾಹ್ನದ ಮೇಲೆ ಇನ್ನೊಂದು ಉದ್ಯೋಗ. ಕಂಬಳ ತೋರಿಸುವುದು. ಸಾಹೇಬರು ಊಟಕ್ಕೆ ಮನೆಗೆ ಹೋದರೆ ಮತ್ತೆ ಬರುವುದು ಸೋಮವಾರವೇ. ಅವರ ಲಿಫ್ಟು ಕೆಳಗೆ ಮುಟ್ಟಿದ ಸದ್ದಾಗುತ್ತಲೇ ಕ್ಯಾಂಟೀನಿನ ಶೆಟ್ಟರು ಮೆಟ್ಟಿಲಲ್ಲಿ. ಕಾರ್ಕಳದ ಕಡೆಯವರು. ಹುಡುಗನಾಗಿ ಬಂದು, ಹಗಲು ಮೇಜು ಒರೆಸಿ, ಇರುಳು ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಈಗ ಅದೇ ಮೇಜುಗಳ ಯಜಮಾನರು. ಅವರ ಹಿಂದೆ ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನ ಕಾಮತ್ ಮಾಮ್. ಮಾಮ್‌ಗೆ ಕೋಣಗಳ ಬಗ್ಗೆ ಏನೂ ಗೊತ್ತಿಲ್ಲ, ಆದರೆ ಅಭಿಪ್ರಾಯವಿದೆ.

ಚಲಿಸುವ ಚಿತ್ರವನ್ನು ಕಾಸು ಕೊಟ್ಟು ನೋಡುವ ಚಟ ಈ ದೇಶಕ್ಕೆ ಅಂಟಿದ್ದೇ ಫೋರ್ಟಿನಲ್ಲಿ. 1896ರ ಜುಲೈ 7ರಂದು ಕಾಲಾಘೋಡಾದ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದರು. ಟಿಕೆಟ್ಟು ಒಂದು ರೂಪಾಯಿ. ಅದರಲ್ಲಿ ಒಂದು, ರೈಲು ನಿಲ್ದಾಣಕ್ಕೆ ಬರುವ ಚಿತ್ರ. ಆ ರೈಲು ಅರ್ಧದಲ್ಲಿ ನಿಂತು ಜನರಿಗೆ ತಿರುಗುವ ಚಕ್ರವೊಂದನ್ನು ತೋರಿಸಿತೆಂದು ಯಾರೂ ಬರೆದಿಟ್ಟಿಲ್ಲ. ನಮ್ಮ ಕೋಣಗಳಿಗೆ ಆ ಭಾಗ್ಯವಿಲ್ಲ. ಓಟ ಶುರುವಾಗುವ ಗಂತಿನಲ್ಲಿ ಹೊರಟ ಜೋಡಿ ನಡುಗದ್ದೆಯಲ್ಲಿ, ನಾಲ್ಕು ಕಾಲೂ ಗಾಳಿಯಲ್ಲಿ, ಚಿಮ್ಮಿದ ಕೆಸರುನೀರು ಕೆಳಗೆ ಬೀಳದೆ, ಹಾಗೇ ನಿಂತುಬಿಡುತ್ತದೆ. ಅವುಗಳ ನೆತ್ತಿಯ ಮೇಲೆ ಚಕ್ರ ಸುತ್ತುತ್ತದೆ.

ಚಕ್ರ ಸುತ್ತತೊಡಗಿದರೆ ಬೋರಾ ಬಜಾರಿನಲ್ಲಿ ವೈದ್ಯರಿಗೆ ಬರವಿಲ್ಲ. ನಮ್ಮ ಪ್ಯೂನ್ ಪಾಂಡುವಿನದು ಒಂದೇ ಮದ್ದು, ಬಂದ್ ಮಾಡಿ ಚಾಲೂ ಮಾಡುವುದು. ಲಿಫ್ಟಿಗೂ ಅವನದು ಅದೇ ಚಿಕಿತ್ಸೆ. ಕಾಮತ್ ಮಾಮ್ ಎದ್ದು ಹೋಗಿ ರೂಟರಿನ ತಂತಿ ಕಿತ್ತು, ಮೂವತ್ತರ ತನಕ ಕೊಂಕಣಿಯಲ್ಲಿ ಎಣಿಸಿ, ಮತ್ತೆ ಸಿಕ್ಕಿಸುತ್ತಾರೆ. ಕ್ಯಾಂಟೀನಿನ ಹುಡುಗ ಬ್ರೌಸರಿನ ಹಿಸ್ಟರಿ ಅಳಿಸಬೇಕೆಂದು ಹೇಳಿ, ಸಾಹೇಬರು ಉಳಿಸಿಟ್ಟ ಪಾಸ್‌ವರ್ಡುಗಳೂ ಅದರ ಜೊತೆ ಹೋಗಬಹುದೆಂದು ತಿಳಿದ ಮೇಲೆ ಕೆಳಗೆ ಗಿರಾಕಿ ಬಂದಿದ್ದಾರೆಂದು ಇಳಿದುಹೋದ.

ಕಾಯಿಲೆಗಳೂ ಬಗೆಬಗೆಯವು. ಒಂದು ಶನಿವಾರ ಕಂಪ್ಯೂಟರು ಯಾವ ಪುಟವನ್ನೂ ತೆರೆಯಲೊಲ್ಲದು, ಸಂಪರ್ಕ ಸುರಕ್ಷಿತವಲ್ಲ ಎಂದು ಒಂದೇ ಹಟ. ನೋಡಿದರೆ ಒಳಗಿನ ಬಿಲ್ಲೆಯಾಕಾರದ ಸೆಲ್ಲು ಸತ್ತು, ಅದರ ಕ್ಯಾಲೆಂಡರ್ 2009ಕ್ಕೆ ಹೋಗಿ ಕೂತಿತ್ತು. ಜಾಲತಾಣಗಳ ಗುರುತಿನ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. 2009ರಲ್ಲಿ ಕೂತವನಿಗೆ ಅದು ಇನ್ನೂ ಹುಟ್ಟದ ಪತ್ರ. ನಾಳೆಯ ಕಂಬಳವನ್ನು ಇವತ್ತೇ ತೋರಿಸೆಂದರೆ ಯಾರು ತೋರಿಸುತ್ತಾರೆ? ಕಂಪ್ಯೂಟರಿನ ನ್ಯಾಯ ಸರಿಯೇ ಇತ್ತು. ತಾರೀಕು ತಿದ್ದಿದೆವು, ಕೋಣ ಬಂತು.

ಇನ್ನೊಮ್ಮೆ ಚಿತ್ರ ಉಂಟು, ಧ್ವನಿ ಇಲ್ಲ. ಸ್ಪೀಕರ್ ಬಿಚ್ಚಿ ಊದಿದ್ದಾಯಿತು. ತಾನಾಗಿ ಶುರುವಾಗುವ ವೀಡಿಯೊಗಳ ಬಾಯಿಯನ್ನು ಬ್ರೌಸರುಗಳು 2018ರ ಸುಮಾರಿಗೆ ಕಟ್ಟಿಹಾಕಿದವು. ನಾವೇ ಮುಟ್ಟಿ ಬಿಚ್ಚಬೇಕು. ಅದು ಗೊತ್ತಾಗುವ ತನಕ ಶೆಟ್ಟರೇ ನಿಂತು ತುಳುವಿನಲ್ಲಿ ವೀಕ್ಷಕ ವಿವರಣೆ ಕೊಟ್ಟರು. ಧ್ವನಿ ಬಂದ ಮೇಲೆ ನಮಗೆಲ್ಲ ಸ್ವಲ್ಪ ನಿರಾಸೆಯೇ ಆಯಿತು.

ಹಳೆಯ ಗ್ರಾಫಿಕ್ಸ್ ಕಾರ್ಡಿನ ಕೃಪೆಯಿಂದ ಪರದೆ ಪೂರ್ತಿ ಹಸಿರಾದದ್ದೂ ಉಂಟು. ಮಾಮ್ ಅದನ್ನು ಗದ್ದೆಯೆಂದೇ ತಿಳಿದು ಬಹಳ ಹೊತ್ತು ನೋಡಿದರು. ಹಾರ್ಡ್‌ವೇರ್ ಆಕ್ಸಿಲರೇಶನ್ ಎಂಬುದನ್ನು ಆಫ್ ಮಾಡಿದ ಮೇಲೆ ಬಣ್ಣಗಳು ವಾಪಸು ಬಂದವು. ಚಿತ್ರದ ಗುಣಮಟ್ಟ ಇಳಿಸಿದರೆ ಸಲೀಸಾಗಿ ಓಡುತ್ತದೆ ಎಂಬುದು ನಿಜವಾದ ಮಾತು. ಆದರೆ 144ಕ್ಕೆ ಇಳಿಸಿ ನೋಡಿ: ಕೋಣವೂ ಕಂದು ಚೌಕ, ಕೆಸರೂ ಕಂದು ಚೌಕ, ಓಡಿಸುವವನು ಅದರ ಹಿಂದೆ ಜಾರುವ ಇನ್ನೊಂದು ಚೌಕ. ಯಾವ ಚೌಕ ಗೆದ್ದಿತೆಂದು ಜಗಳವಾಗುತ್ತದೆ.

ಹಾಗೆಂದು ದೂರುವುದು ಹೇಗೆ? 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟ ವಿ.ಎಸ್.ಎನ್.ಎಲ್.ನ ಕಚೇರಿಯಾಗಿದ್ದ ವಿದೇಶ್ ಸಂಚಾರ್ ಭವನ ಇದೇ ಫೋರ್ಟಿನಲ್ಲಿ ನಿಂತಿದೆ. ಡಯಲ್ ಮಾಡಿ ಹೋಗುವವರಿಗೆ ಆಗ ಸಿಗುತ್ತಿದ್ದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಓಟದ ಪಥವನ್ನು, 13.62 ಸೆಕೆಂಡಿನಲ್ಲಿ ಓಡಿ ಜಗತ್ತಿಗೆಲ್ಲ ಸುದ್ದಿಯಾದರಲ್ಲ, ಸೆಕೆಂಡಿಗೆ 3 ಮೆಗಾಬಿಟ್ ಲೆಕ್ಕದಲ್ಲಿ ಅಂಥ ಒಂದು ಓಟವನ್ನು ಆ ತಂತಿಯಲ್ಲಿ ಇಳಿಸಿಕೊಳ್ಳಲು ಒಂದು ಗಂಟೆ ಹತ್ತು ನಿಮಿಷ ಬೇಕಾಗುತ್ತಿತ್ತು. ಶೆಟ್ಟರಿಗೆ ಈ ಲೆಕ್ಕ ಹೇಳಿದೆ. “ಅಷ್ಟರಲ್ಲಿ ಕೋಣಕ್ಕೆ ಹುರುಳಿ ತಿನ್ನಿಸಿ, ಸ್ನಾನ ಮಾಡಿಸಿ, ಲಾರಿ ಹತ್ತಿಸ್ಲಿಕ್ಕೆ ಆಗ್ತದೆ” ಎಂದರು.

ನಿಜ ಹೇಳಬೇಕೆಂದರೆ ಬಹಳ ಸಲ ಕಾಯಿಲೆ ನಮ್ಮಲ್ಲಿ ಇರುವುದೇ ಇಲ್ಲ. ಅದನ್ನು ಕಂಡುಹಿಡಿಯುವ ದಾರಿ ಸುಲಭ. ಅದೇ ಚಾನೆಲ್ಲಿನ ಹಳೆಯ ಕಂಬಳದ ರೆಕಾರ್ಡಿಂಗ್ ಹಾಕಿ ನೋಡುವುದು. ಅದು ನೀರಿನಷ್ಟು ಸಲೀಸಾಗಿ ಓಡಿದರೆ ನಮ್ಮ ತಂತಿ, ನಮ್ಮ ರೂಟರು, ನಮ್ಮ ಮುದಿ ಕಂಪ್ಯೂಟರು ಎಲ್ಲವೂ ನಿರಪರಾಧಿಗಳು, ತೊಂದರೆ ಗದ್ದೆಯಲ್ಲಿ. ಕಂಬಳಕ್ಕೆ ಬಂದ ಸಾವಿರಾರು ಮಂದಿಯ ಕೈಯಲ್ಲಿ ಸಾವಿರಾರು ಫೋನು, ಎಲ್ಲರೂ ತಮ್ಮ ತಮ್ಮ ಲೈವ್ ಮಾಡುವವರೇ, ಊರಿಗೊಂದು ಟವರು. ಆ ನೂಕುನುಗ್ಗಲಿನಲ್ಲಿ ಕ್ಯಾಮರಾದವರ ಸಿಗ್ನಲ್ ಕೂಡ ಸಾಲಿನಲ್ಲಿ ನಿಲ್ಲಬೇಕು. ಶೆಟ್ಟರ ಅಳಿಯ ಗದ್ದೆಯ ಬದಿಯಿಂದ ಫೋನ್ ಮಾಡಿ, ಕ್ಯಾಮರಾದವರ ಡಾಂಗಲ್ ಬಿಸಿಲಿಗೆ ಕಾದು ಕೈಕೊಟ್ಟಿದೆ, ಈಗ ತೆಂಗಿನ ಮಡಲು ಅಡ್ಡ ಇಟ್ಟಿದ್ದಾರೆ ಎಂದು ವರದಿ ಕೊಟ್ಟ. ಇಲ್ಲಿ ಮಾಮ್ ಮೂವತ್ತು ಎಣಿಸುವುದಕ್ಕೂ ಅಲ್ಲಿ ಮಡಲು ಇಡುವುದಕ್ಕೂ ಸರಿಹೋಯಿತು. ತಾನೇ ಸರಿಮಾಡಿದ್ದೆಂದು ಮಾಮ್ ಇವತ್ತಿಗೂ ನಂಬಿದ್ದಾರೆ.

ಆ ಅಳಿಯನ ಫೋನಿನಿಂದಲೇ ಇನ್ನೊಂದು ಸಂಗತಿ ಹೊರಬಿತ್ತು. ಅವನು “ಗೆದ್ದಾಯ್ತು ಮಾವ” ಎಂದ. ನಮ್ಮ ಪರದೆಯಲ್ಲಿ ಆ ಜೋಡಿಗೆ ಇನ್ನೂ ನೊಗ ಕಟ್ಟುತ್ತಿದ್ದರು.

ದೂರದ ದೋಷವಲ್ಲ ಇದು. ಮಂಗಳೂರಿನಿಂದ ಮುಂಬಯಿಗೆ ಒಂಬೈನೂರು ಕಿಲೋಮೀಟರ್ ಎಂದರೂ ಗಾಜಿನ ತಂತಿಯಲ್ಲಿ ಬೆಳಕಿಗೆ ಅದು ಸುಮಾರು 5 ಮಿಲಿಸೆಕೆಂಡಿನ ಪಯಣ. ತಡವಾಗುವುದು ಅಡುಗೆಯಲ್ಲಿ. ವೀಡಿಯೊವನ್ನು ಆರಾರು ಸೆಕೆಂಡಿನ ತುಂಡು ಮಾಡಿ ಕಳಿಸುತ್ತಾರೆ, ನಮ್ಮ ಕಂಪ್ಯೂಟರು ಮೂರ್ನಾಲ್ಕು ತುಂಡು ಕೈಯಲ್ಲಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. ಶೆಟ್ಟರಿಗೆ ಕೂಡಲೇ ಹೊಳೆಯಿತು. “ಇದು ನಮ್ಮ ಇಡ್ಲಿ ಮಾರಾಯ್ರೆ! ಒಂದು ತಟ್ಟೆ ಗಿರಾಕಿ ಎದುರು, ಒಂದು ಕೌಂಟರಿನಲ್ಲಿ, ಒಂದು ಹಬೆಯಲ್ಲಿ. ಸ್ಟಾಕ್ ಮುಗಿದ್ರೆ ಗಿರಾಕಿ ಚಟ್ನಿ ನೋಡ್ತಾ ಕೂತ್ಕೊಳ್ಬೇಕು.” ಚಟ್ನಿ ನೋಡುತ್ತಾ ಕೂತುಕೊಳ್ಳುವುದೇ ಆ ಸುತ್ತುವ ಚಕ್ರ. ಒಂದೊಂದು ಸಲ ನಿಂತಾಗಲೂ ನಾವು ಇನ್ನಷ್ಟು ಹಿಂದೆ ಬೀಳುತ್ತೇವೆ. ಮೂವತ್ತು ಸೆಕೆಂಡು ಮಾಮೂಲಿ.

ಹದಿಮೂರು ಸೆಕೆಂಡಿನ ಓಟವನ್ನು ಮೂವತ್ತು ಸೆಕೆಂಡು ತಡವಾಗಿ ನೋಡುವುದರ ಅರ್ಥವನ್ನು ಮೊದಲು ಗ್ರಹಿಸಿದವರು ಶೆಟ್ಟರು. ನಾಲ್ಕು ದಶಕ ದಲಾಲರಿಗೆ ಚಹಾ ಕೊಟ್ಟವರಲ್ಲವೇ. ನಮ್ಮ ಕೋಣಗಳು ಗಂತಿನಿಂದ ಹೊರಡುವ ಹೊತ್ತಿಗೆ ಅಸಲಿ ಕೋಣಗಳು ಓಟ ಮುಗಿಯುವ ಮಂಜೊಟ್ಟಿ ಮುಟ್ಟಿ ಕಾಲು ನಿಮಿಷ ಕಳೆದಿರುತ್ತದೆ. ಶೆಟ್ಟರು ರೇಂಜ್ ಸಿಗುವುದಿಲ್ಲವೆಂದು ಕಿಟಕಿಯ ಹತ್ತಿರ ನಿಂತು ಕಿವಿಗೆ ಫೋನ್ ಇಟ್ಟುಕೊಳ್ಳತೊಡಗಿದರು. ತಿರುಗಿ ನೋಡದೆಯೇ, “ಮಾಮ್, ಒಂದು ಚಹಾ ಬೆಟ್. ಬಲಗಡೆ ಕರೆಯದ್ದು” ಎನ್ನುವರು. ಗೆಲ್ಲುವರು. ಚಹಾ ಅವರ ಕ್ಯಾಂಟೀನಿನದೇ, ಕುಡಿಯುವವರು ಅವರೇ, ದುಡ್ಡು ಮಾತ್ರ ಮಾಮ್‌ದು. ಹೊರಗಿನವರಿಗೆ ತಿಳಿಯದ ಸುದ್ದಿ ಇಟ್ಟುಕೊಂಡು ವ್ಯಾಪಾರ ಮಾಡಬಾರದೆಂದು ಸೆಬಿ 2015ರಲ್ಲಿ ಹೊಸ ನಿಯಮಾವಳಿಯನ್ನೇ ತಂದಿದೆ. ಆದರೆ ಅದು ಷೇರುಗಳಿಗೆ, ಕೋಣಗಳ ಪ್ರಸ್ತಾಪವಿಲ್ಲ.

ಕೆಡಿಸಿದವನು ಪಾಂಡು. ಪರದೆಯ ಮೂಲೆಯ ಲೈವ್ ಚುಕ್ಕೆಯನ್ನು ಯಾಕೋ ಒತ್ತಿದ. ವೀಡಿಯೊ ಒಂದೇ ನೆಗೆತಕ್ಕೆ ಮುಂದೆ ಹಾರಿ, ತಡ ಹದಿನೈದು ಸೆಕೆಂಡಿಗೆ ಇಳಿಯಿತು. ಅಳಿಯ ಫಲಿತಾಂಶ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಕೋಣಗಳೂ ಹೊರಟಾಗಿತ್ತು. ಶೆಟ್ಟರಿಗೆ ಪಂಥ ಕಟ್ಟಲು ಬಿಡುವೇ ಸಿಗಲಿಲ್ಲ. ಮುಂದಿನ ಶನಿವಾರ ಅವರು ಬೇಗ ಬಂದು, ಸ್ಪೆಷಲ್ ಚಹಾ ನನ್ನ ಮುಂದಿಟ್ಟು ಮೆಲ್ಲಗೆ ಹೇಳಿದರು: “ಅದು ಮೊದಲು ಇತ್ತಲ್ಲ, ಹಾಗೇ ಮಾಡಿ ಮಾರಾಯ್ರೆ. ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಬಿಟ್ರೆ ಆಯ್ತು. ತುಂಬ ರಿಪೇರಿ ಒಳ್ಳೇದಲ್ಲ.”

ನಿಲ್ಲಿಸಿ ಬಿಟ್ಟೆ. ಕೋಣಗಳು ಗಂತಿಗೆ ಬಂದವು. ಶೆಟ್ಟರು ತಮ್ಮ ಕಿಟಕಿಗೆ ಹೋದರು. ಆಗ ಕಾಮತ್ ಮಾಮ್ ಕೂಡ ಎದ್ದು ಇನ್ನೊಂದು ಕಿಟಕಿಗೆ ಹೋಗಿ ಫೋನ್ ತೆಗೆದರು. ಮೂಡುಬಿದಿರೆಯಲ್ಲಿ ಅವರಿಗೊಬ್ಬ ಸೋದರಳಿಯ ಇದ್ದಾನೆಂದು ಅವತ್ತೇ ನಮಗೆ ತಿಳಿದದ್ದು. ಎರಡು ಕಿಟಕಿಗಳಿಂದಲೂ ಒಟ್ಟಿಗೆ “ಎಡಗಡೆ ಕರೆ!” ಎಂದು ಕೂಗು ಬಂತು. ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ, ಬಲಗಡೆಯ ಕೋಣಗಳನ್ನು ವಹಿಸಿಕೊಳ್ಳಲು ಯಾರಾದರೂ ಬೇಕಲ್ಲ, ಇಬ್ಬರೂ ನನ್ನ ಕಡೆ ತಿರುಗಿದರು.