ಬ್ರದರ್ ರಾಯರು

ನಮ್ಮ ಪಕ್ಕದ ಮನೆಯವರಿಗೆ ಈ ಹೆಸರಿಟ್ಟವಳು ನನ್ನ ಹೆಂಡತಿ. ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಹುಟ್ಟಿ ಬೆಳೆದ, ಆರಡಿ ಎರಡಂಗುಲದ ಬಿಳಿಯ ಅಮೆರಿಕನ್ನರು ರಾಯರಾದದ್ದು ಹೇಗೆ ಅಂತ ನೀವು ಕೇಳಬಹುದು. ಅವರು ಎರಡು ಮಾತಿಗೊಮ್ಮೆ ‘ಮೈ ಬ್ರದರ್’ ಅನ್ನುತ್ತಾರೆ. ಅರವತ್ತೆಂಟು ವರ್ಷದವರನ್ನು ಬರೀ ಬ್ರದರ್ ಅಂದರೆ ಮರ್ಯಾದೆಯಲ್ಲ ಎಂದು ಇವಳೇ ಹಿಂದೆ ರಾಯರು ಸೇರಿಸಿದಳು.

ಹೊಸದರಲ್ಲಿ ನಮಗೆ ಅವರ ಸಂಸಾರದ ಲೆಕ್ಕವೇ ಸಿಗುತ್ತಿರಲಿಲ್ಲ. ಒಬ್ಬ ಬ್ರದರ್ ಸಿನ್ಸಿನಾಟಿಯಲ್ಲಿ ಹಲ್ಲಿನ ಡಾಕ್ಟರು, ಒಬ್ಬನಿಗೆ ಟೈರ್ ಅಂಗಡಿ, ಇನ್ನೊಬ್ಬ ನಿವೃತ್ತ ನ್ಯಾಯಾಧೀಶ, ಮತ್ತೊಬ್ಬ ಮೂರನೇ ಮದುವೆಯ ಸಿದ್ಧತೆಯಲ್ಲಿದ್ದ. ಹದಿನೇಳರವರೆಗೆ ಎಣಿಸಿದ ನನ್ನ ಹೆಂಡತಿ, “ಆ ತಾಯಿ ಅದೆಷ್ಟು ಗಟ್ಟಿಗಿತ್ತಿ ಇರಬೇಕು ನೋಡಿ” ಅಂದಳು. ಆಮೇಲೊಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ರಾಯರದೇ ಮೂಗು, ರಾಯರದೇ ಬೋಳುತಲೆಯ ಒಬ್ಬರು ಬಂದಿಳಿದರು. ಇವರು ಎಷ್ಟನೆಯ ಬ್ರದರ್ ಅಂತ ವಿಚಾರಿಸಿದೆ. ರಾಯರು ತುಸು ಸಪ್ಪಗಾದರು. “ಅಯ್ಯೋ, ಇವನು ಬ್ರದರ್ ಅಲ್ಲ. ನಮ್ಮಮ್ಮನ ಇನ್ನೊಬ್ಬ ಮಗ.”

ಆವತ್ತು ನನಗೆ ಫ್ರೆಟರ್ನಿಟಿಯ ಪಾಠವಾಯಿತು. ಹಾಸ್ಟೆಲು, ಗೆಳೆಯರ ಬಳಗ, ಮಠ, ಈ ಮೂರನ್ನೂ ಒಂದೇ ಸೂರಿನಡಿ ತುಂಬಿ ಬಾಗಿಲಿಗೆ ಎರಡೋ ಮೂರೋ ಗ್ರೀಕ್ ಅಕ್ಷರ ಬಡಿದರೆ ಅದು ಫ್ರೆಟರ್ನಿಟಿ. ಒಳಗಿರುವವರಿಗೆ ಗ್ರೀಕ್ ಬರಬೇಕೆಂದಿಲ್ಲ. ಈ ಅಕ್ಷರದ ಗೀಳು ಹತ್ತಿದ್ದು 1776ರ ಡಿಸೆಂಬರ್ 5ರಂದು, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ. ದೇಶ ಸ್ವಾತಂತ್ರ್ಯ ಘೋಷಿಸಿಕೊಂಡು ಐದು ತಿಂಗಳಾಗಿತ್ತು. ಆಗ ಹುಟ್ಟಿದ ಫೈ ಬೀಟಾ ಕಪ್ಪಾ ಬರಬರುತ್ತ ಜಾಣ ವಿದ್ಯಾರ್ಥಿಗಳ ಗೌರವ ಸಂಘವಾಗಿಬಿಟ್ಟಿತು. ಮಿಕ್ಕವರು ಎಲ್ಲಿಗೆ ಹೋಗಬೇಕು? 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನ ಹುಡುಗರು ಕಪ್ಪಾ ಆಲ್ಫಾ ಕಟ್ಟಿಕೊಂಡರು. ಅಲ್ಲಿಂದಾಚೆ ಗ್ರೀಕ್ ಅಕ್ಷರಮಾಲೆಗೆ ಬಿಡುವಿಲ್ಲ.

ರಾಯರು ತಮ್ಮವರಲ್ಲೊಬ್ಬರನ್ನು ಹೊಸದಾಗಿ ಭೇಟಿಯಾಗುವುದನ್ನು ನೀವು ನೋಡಬೇಕು. ಮೊದಲು ಗುಟ್ಟಿನ ಹಸ್ತಲಾಘವ. ಆಮೇಲೆ ಸಾಕ್ಷಾತ್ ಪ್ರವರ: ಇಂಥ ಕಾಲೇಜು, ಇಂಥ ಚಾಪ್ಟರು, 1976ರ ವಸಂತದಲ್ಲಿ ದೀಕ್ಷೆ, ನನ್ನ ‘ಬಿಗ್ ಬ್ರದರ್’ ಇಂಥವನು, ಅವನ ಬಿಗ್ ಬ್ರದರ್ ಇಂಥವನು. ನಮ್ಮಲ್ಲಿ ಗೋತ್ರ, ಸೂತ್ರ, ಶಾಖೆ ಒಪ್ಪಿಸಿ ನಮಸ್ಕಾರ ಹೊಡೆಯುವುದಿಲ್ಲವೆ, ಥೇಟ್ ಹಾಗೇ. ಚಾಪ್ಟರ್ ಅಂದರೂ ಶಾಖೆಯೇ ತಾನೆ! ಕಿವಿ ಮುಟ್ಟಿಕೊಳ್ಳುವುದೊಂದು ಬಾಕಿ. ಆ ಹಸ್ತಲಾಘವವನ್ನು ರಾಯರು ಕಟ್ಟಿಕೊಂಡ ಹೆಂಡತಿಗೂ ತೋರಿಸಿದವರಲ್ಲ. ಆಕೆ ನನ್ನವಳ ಕಿವಿಯಲ್ಲಿ ಹೇಳಿದ್ದೇ ಬೇರೆ: “ನನಗೆ ಎಂದೋ ಗೊತ್ತು. ನಿದ್ದೆಯಲ್ಲಿ ಕೈ ಹಿಡಿದು ಮಾಡುತ್ತಾರೆ.”

ನನ್ನನ್ನು ಅವರು ‘ಬಡ್ಡಿ’ ಅನ್ನುತ್ತಾರೆ. ಗೆಳೆಯ ಅಂತ ಅದರ ಅರ್ಥ. ಬ್ರದರುಗಳು ಅಸಲು, ನಾನು ಬಡ್ಡಿ, ಲೆಕ್ಕ ಸರಿಯಾಗಿದೆ ಅಂದುಕೊಂಡು ಸುಮ್ಮನಿದ್ದೇನೆ. ನಿಮ್ಮವರಲ್ಲಿ ಇಂಥದ್ದಿಲ್ಲವೆ ಅಂತ ಒಮ್ಮೆ ಕೇಳಿದರು. ಯಾಕಿಲ್ಲ, ಅಮೆರಿಕದ ಕನ್ನಡ ಕೂಟಗಳೆಲ್ಲ ಸೇರಿದ ‘ಅಕ್ಕ’ ಇದೆ, 1998ರಿಂದ ನಡೆಯುತ್ತಿದೆ, ಅದರ ಹೆಸರಿಗೆ ದೊಡ್ಡ ಸಿಸ್ಟರ್ ಎಂದರ್ಥ ಅಂತ ಹೆಮ್ಮೆಯಿಂದ ಬಿಡಿಸಿ ಹೇಳಿದೆ. “ಹಾಗಾದರೆ ನಿಮ್ಮದು ಸೊರೋರಿಟಿ ಅನ್ನು” ಅಂದರು. ಸೊರೋರಿಟಿ ಅಂದರೆ ಹೆಣ್ಣುಮಕ್ಕಳ ಸಂಘ.

ಒಂದು ಶನಿವಾರ ರಾಯರು ನನ್ನನ್ನು ತೀರ್ಥಯಾತ್ರೆಗೆ ಹೊರಡಿಸಿದರು. ಆಕ್ಸ್‌ಫರ್ಡಿನ ಮಯಾಮಿ ವಿಶ್ವವಿದ್ಯಾಲಯಕ್ಕೆ ಅಂದಾಗ ನನ್ನವಳು ಪಾಸ್‌ಪೋರ್ಟ್ ಹುಡುಕಲು ಹೋದಳು. ಆ ಆಕ್ಸ್‌ಫರ್ಡ್ ಇಂಗ್ಲೆಂಡಿನದಲ್ಲ, ಆ ಮಯಾಮಿ ಫ್ಲೋರಿಡಾದ್ದೂ ಅಲ್ಲ. ಎರಡೂ ನಮ್ಮ ಒಹಾಯೊದಲ್ಲೇ ಇವೆ. 1839ರಲ್ಲಿ ಬೀಟಾ ಥೀಟಾ ಪೈ, 1848ರಲ್ಲಿ ಫೈ ಡೆಲ್ಟಾ ಥೀಟಾ, 1855ರಲ್ಲಿ ಸಿಗ್ಮಾ ಕೈ, ಮೂರೂ ಹುಟ್ಟಿದ ಊರು ಅದು. ಅಂದರೆ ಕೂಡಲಸಂಗಮಕ್ಕೆ ಸಮ. ರಾಯರ ಸಂಘ ಈ ಮೂರರಲ್ಲಿ ಯಾವುದೂ ಅಲ್ಲ. ಆದರೂ ಕ್ಷೇತ್ರಮಹಿಮೆಗೆ ತಲೆಬಾಗಿದರು. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಒಹಾಯೊದವನು, ಪರ್ಡ್ಯೂದಲ್ಲಿ ಓದುವಾಗ ಫೈ ಡೆಲ್ಟಾ ಥೀಟಾ ಸೇರಿದವನು. ಈ ಮಾತು ಹೇಳುವಾಗ ಮಾತ್ರ ರಾಯರ ಮುಖ ಪಕ್ಕದ ಮನೆಯ ಹುಡುಗನಿಗೆ ರ್‍ಯಾಂಕ್ ಬಂದವರ ಮುಖವಾಗಿತ್ತು. “ಒಳ್ಳೆಯ ಹುಡುಗನೇ. ಸೇರಿದ ಮನೆ ಬೇರೆಯಾಯಿತು.”

1978ರಲ್ಲಿ ‘ಅನಿಮಲ್ ಹೌಸ್’ ಅನ್ನುವ ಸಿನಿಮಾ ಬಂತು. ಅದರಲ್ಲಿ ಫ್ರೆಟರ್ನಿಟಿಯ ಹುಡುಗರು ಹಾಸಿಗೆಯ ಚಾದರವನ್ನು ರೋಮನ್ನರಂತೆ ಸುತ್ತಿಕೊಂಡು ಕುಣಿಯುತ್ತಾರೆ. ರಾಯರು ಆಗಿನ್ನೂ ಕಾಲೇಜಿನಲ್ಲಿದ್ದರು. ಅಂದು ಸುತ್ತಿದ ಚಾದರ ಇನ್ನೂ ಬಿಟ್ಟಿಲ್ಲ. ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಮರಳುವ ಹೋಮ್‌ಕಮಿಂಗ್ ಬಂತೆಂದರೆ ಅದೇ ವೇಷ. ಹೊಟ್ಟೆಯೊಂದು ಬೆಳೆದಿದೆ, ಚಾದರ ಬೆಳೆದಿಲ್ಲ. ಹೋದ ವರ್ಷ ನಮ್ಮ ಅಂಗಳದಲ್ಲೇ ಅದು ಎರಡು ಸಲ ಜಾರಿತು. ನೋಡಲಾರದೆ ನಾನೇ ಹೋಗಿ, ಸೊಂಟಕ್ಕೆ ಬಿಗಿದು, ನೆರಿಗೆ ಹಿಡಿದು, ಹಿಂದಕ್ಕೆ ಎಳೆದು ಅಚ್ಚುಕಟ್ಟಾಗಿ ಕಚ್ಚೆ ಹಾಕಿ ಕಳಿಸಿದೆ. ರಾತ್ರಿಯೆಲ್ಲ ಕುಣಿದರೂ ಸಡಿಲವಾಗಲಿಲ್ಲವಂತೆ. ಈ ಸಲ ಇನ್ನೂ ನಾಲ್ವರು ಚಾದರ ಹೊತ್ತು ನಮ್ಮ ಬಾಗಿಲಿಗೆ ಬಂದಿದ್ದರು.

ನಗದೆ ಹೇಳಬೇಕಾದ ಒಂದು ಸಂಗತಿಯೂ ಇದೆ. ನಾವು ರ್‍ಯಾಗಿಂಗ್ ಅನ್ನುವುದನ್ನು ಇಲ್ಲಿ ಹೇಜಿಂಗ್ ಅನ್ನುತ್ತಾರೆ. ಹೊಸ ಹುಡುಗರಿಗೆ ಬಲವಂತದಿಂದ ಕುಡಿಸಿ ಜೀವಗಳೇ ಹೋಗಿವೆ. ಒಹಾಯೊದಲ್ಲೇ ಹೋಗಿವೆ. 2021ರಲ್ಲಿ ಈ ರಾಜ್ಯ ಕಾನೂನು ಬಿಗಿ ಮಾಡಿ ಅಂಥದ್ದನ್ನು ಘೋರ ಅಪರಾಧಗಳ ಸಾಲಿಗೆ ಸೇರಿಸಿತು. ನಿಮ್ಮ ಕಾಲದಲ್ಲಿ ಹೇಗಿತ್ತು ಅಂತ ಕೇಳಿದ್ದಕ್ಕೆ, ಕೇಳದೆಯೇ ನೂರು ಕಥೆ ಹೇಳುವ ರಾಯರು ಹುಲ್ಲು ಕತ್ತರಿಸುವ ಯಂತ್ರ ಚಾಲೂ ಮಾಡಿಕೊಂಡು ಅತ್ತ ನಡೆದರು. ಆ ಕಾನೂನು ಬರಲಿ ಎಂದು ಅವರು ಶಾಸಕರಿಗೆ ಕಾಗದ ಬರೆದಿದ್ದರೆಂಬುದು ಆಮೇಲೆ ಅವರ ಹೆಂಡತಿಯಿಂದ ತಿಳಿಯಿತು.

ಹೋದ ಚಳಿಗಾಲ ರಾಯರ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಮಾರನೆಯ ವಾರ ಮೊಣಕಾಲುದ್ದ ಹಿಮ ಬಿತ್ತು. ಬೆಳಗ್ಗೆ ಏಳಕ್ಕೆ ಕಿಟಕಿ ತೆರೆದರೆ ಆರು ಜನ ಮುದುಕರು ಸಲಿಕೆ ಹಿಡಿದು ಅಂಗಳ ಬಳಿಯುತ್ತಿದ್ದಾರೆ! ಹಲ್ಲಿನ ಡಾಕ್ಟರು, ಟೈರ್ ಅಂಗಡಿಯವನು, ನ್ಯಾಯಾಧೀಶರು ಎಲ್ಲರೂ ಇದ್ದರು. ನಮ್ಮಮ್ಮನ ಇನ್ನೊಬ್ಬ ಮಗನೂ ಇದ್ದ, ಅವನಿಗೆ ಯಾರೋ ಗ್ರೀಕ್ ಅಕ್ಷರದ ಟೊಪ್ಪಿ ತೊಡಿಸಿದ್ದರು. ಬಡ್ಡಿಯ ಮನೆಯ ದಾರಿಯನ್ನೂ ಬಿಡಿಸಿಕೊಟ್ಟರು. ನನ್ನವಳು ಆರು ಲೋಟ ಫಿಲ್ಟರ್ ಕಾಫಿ ಕೊಟ್ಟಳು. ಏಳನೆಯದು ಬೇಕಾಗುತ್ತದೆಂದು ಅವಳಿಗೆ ಗೊತ್ತೇ ಇತ್ತು. ರಾಯರು ಊರುಗೋಲು ಊರಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಆ ಕಾಫಿಯ ಹೊತ್ತಿನಲ್ಲೇ ಛಾವಣಿಯ ಮಾತು ಬಂದದ್ದು. ರಾಯರ ಫ್ರೆಟರ್ನಿಟಿಯ ಹುಡುಗರಿರುವ ಹಳೆಯ ಮನೆಯ ಒಡೆತನ ಹಳೆಯ ವಿದ್ಯಾರ್ಥಿಗಳ ಸಂಸ್ಥೆಯದು, ಅದರ ಖಜಾಂಚಿ ನಮ್ಮ ರಾಯರು. ಹುಡುಗರು ಒಡೆಯುತ್ತಾರೆ, ಮುದುಕರು ಕಟ್ಟಿಸುತ್ತಾರೆ. ಆ ಚಂದಾಕ್ಕೆ ತೆರಿಗೆ ವಿನಾಯಿತಿಯೂ ಇಲ್ಲ. ಹಿಮ ಬಳಿದ ಋಣಕ್ಕೆ ನಾನು ಐವತ್ತು ಡಾಲರ್ ಕೊಟ್ಟೆ. ಅಂದಿನಿಂದ ಮೂರು ತಿಂಗಳಿಗೊಂದು ಕಾಗದ ತಪ್ಪದೆ ನನ್ನ ಹೆಸರಿಗೆ ಬರುತ್ತಿದೆ.

ಕೊಲಂಬಸ್ ಕಡೆ ಬಂದರೆ ಖಂಡಿತ ಮನೆಗೆ ಬನ್ನಿ, ಕಾಫಿ ಇದ್ದೇ ಇರುತ್ತದೆ. ಬೇಲಿಯಾಚೆಯಿಂದ ಎತ್ತರದವರೊಬ್ಬರು ಯಾವ ಕಾಲೇಜು ಅಂತ ಕೇಳಿದರೆ ಮಾತ್ರ ಓದೇ ಇಲ್ಲ ಅಂದುಬಿಡಿ. ಛಾವಣಿ ಇನ್ನೂ ಸೋರುತ್ತಿದೆ.