ಅರ್ಧ ರೇಟಿಗೆ ಪೋರ್ಷೆ, ಪೂರ್ತಿ ರೇಟಿಗೆ ಬ್ರೇಕು

ನಲವತ್ತು ದಾಟಿದ ಗಂಡಸರಿಗೆ ಬರುವ ಕಾಯಿಲೆಗಳಲ್ಲಿ ಬಿ.ಪಿ., ಶುಗರ್, ಮಂಡಿನೋವಿನ ಬಗ್ಗೆ ಡಾಕ್ಟರುಗಳು ಬೇಕಾದಷ್ಟು ಹೇಳ್ತಾರೆ. ಸ್ಪೋರ್ಟ್ಸ್ ಕಾರಿನ ಆಸೆ ಅಂತ ಇನ್ನೊಂದಿದೆ ನೋಡಿ, ಅದರ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚಲ್ಲ. ಇಪ್ಪತ್ತೈದರಲ್ಲಿ ಆಸೆ ಇರುತ್ತೆ, ದುಡ್ಡಿರಲ್ಲ. ನಲವತ್ತೈದರಲ್ಲಿ ದುಡ್ಡು ಹೇಗೋ ಹೊಂದುತ್ತೆ, ಆದರೆ ನೆಲಕ್ಕಂಟಿಕೊಂಡಿರೋ ಸೀಟಿನಿಂದ ಎದ್ದು ಬರೋಕೆ ಸೊಂಟ ಒಪ್ಪಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಈ ಕಾಯಿಲೆ ಈಗ ನನ್ನ ಭಾವಮೈದನಿಗೆ ಬಂದಿದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು, ಇಬ್ಬರು ಮಕ್ಕಳ ತಂದೆ. ಒಂದು ಭಾನುವಾರ ಕಾಫಿ ಲೋಟ ಕೆಳಗಿಡೋ ಮೊದಲೇ ಶುರು ಮಾಡಿದ: "ಭಾವ, ಒಂದು ಬಾಕ್ಸ್‌ಸ್ಟರ್ ಬಂದಿದೆ. ಕೆಂಪು ಬಣ್ಣ. ಹೊಸದರ ಅರ್ಧ ರೇಟೂ ಇಲ್ಲ!"

ಬಾಕ್ಸ್‌ಸ್ಟರ್ ಅಂದರೆ ಜರ್ಮನಿಯ ಪೋರ್ಷೆ ಕಂಪನಿ 1996ರಲ್ಲಿ ಬೀದಿಗೆ ಬಿಟ್ಟ ಕಾರು. ಸೀಟು ಎರಡೇ, ತಲೆ ಮೇಲೆ ಮಡಚೋ ಬಟ್ಟೆಯ ಟಾಪು, ಬೆನ್ನ ಹಿಂದೆ ಆರು ಸಿಲಿಂಡರಿನ ಎಂಜಿನ್ನು. ಇಷ್ಟನ್ನೂ ಅವನು ವಿವರಿಸ್ತಿದ್ದಾಗ ನಮ್ಮತ್ತೆ ಒಳಗಿಂದ ಬಂದರು. "ಅಷ್ಟು ದುಡ್ಡು ಕೊಟ್ಟು ಹಳೇದಾ? ಅದರಲ್ಲೂ ಇಬ್ಬರೇ ಕೂರೋದಾ? ಇನ್ನೊಂದಿಷ್ಟು ಬಿಸಾಕಿ ಹಿಂದುಗಡೆ ಒಂದು ಸೀಟು ಹಾಕಿಸಿಕೊಳ್ಳೋಕಾಗಲ್ವೇನೋ?"

"ಅಮ್ಮಾ, ಹಿಂದೆ ಎಂಜಿನ್ ಇದೆ."

"ಅದನ್ನ ಮುಂದಕ್ಕೆ ಹಾಕ್ಸು."

ನಾನೂ ಸುಮ್ಮನಿರದೆ, "ವಿದೇಶಿ ವ್ಯಾಮೋಹ ಯಾಕೋ, ಸ್ಯಾನ್ ಸ್ಟಾರ್ಮ್ ಹುಡುಕೋ" ಅಂದೆ. ಅದೂ ಎರಡು ಸೀಟಿನ, ಟಾಪ್ ತೆಗೆಯೋ ಕಾರೇ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲೇ, ಗೋವಾದಲ್ಲಿ ತಯಾರಾಗ್ತಿತ್ತು. ಫೈಬರ್ ಮೈ, 1.2 ಲೀಟರಿನ ರೆನೋ ಎಂಜಿನ್ನು, 60ರ ಆಸುಪಾಸು ಕುದುರೆಶಕ್ತಿ. ನೋಡೋಕೆ ಬಿರುಗಾಳಿ, ಓಟದಲ್ಲಿ ತಂಗಾಳಿ. ಭಾವಮೈದ ನನ್ನ ಕಡೆ ನೋಡಿದ ನೋಟದಲ್ಲಿ ಗೌರವ ಅಷ್ಟಾಗಿ ಕಾಣಲಿಲ್ಲ.

ಈಗ ರೇಟಿನ ವಿಷಯಕ್ಕೆ ಬರೋಣ. ಇಂಥ ಕಾರುಗಳ ಬೆಲೆ ಯಾಕೆ ಹೀಗೆ ಇಳಿಯುತ್ತೆ ಗೊತ್ತೇ? ಹೊರದೇಶದಲ್ಲೇ ಪೂರ್ತಿ ತಯಾರಾಗಿ ಹಡಗಲ್ಲಿ ಬಂದ ದುಬಾರಿ ಕಾರಿಗೆ ಎಷ್ಟೋ ವರ್ಷ ಕಾರಿನ ಬೆಲೆಯಷ್ಟೇ ಆಮದು ಸುಂಕ ಇತ್ತು. ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ; 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಶೇ. 18, ಜತೆಗೆ ಸೆಸ್ಸು. ಇದನ್ನೆಲ್ಲ ಕಟ್ಟೋನು ಮೊದಲನೇ ಮಾಲೀಕ. ಅವನು ಮಾರೋಕೆ ಹೊರಟರೆ ಸುಂಕಕ್ಕೂ ತೆರಿಗೆಗೂ ಯಾರೂ ಬೆಲೆ ಕಟ್ಟಲ್ಲ. ಎರಡನೆಯವನಿಗೆ ಲಾಟರಿ ಹೊಡೀತು ಅನ್ನಿಸೋದೇ ಇಲ್ಲಿ.

ಲಾಟರಿಯ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತೆ: ಕಾರಿಗೆ ವಯಸ್ಸಾಗುತ್ತೆ, ಬಿಡಿಭಾಗದ ರೇಟಿಗೆ ವಯಸ್ಸಾಗಲ್ಲ. ನೀವು ಅರ್ಧಕ್ಕೆ ಕೊಂಡಿರಿ ಅಂತ ಬ್ರೇಕ್ ಡಿಸ್ಕನ್ನು ಅರ್ಧಕ್ಕೆ ಕೊಡೋರು ಯಾರೂ ಇಲ್ಲ. ಆಲ್ಟೋಗೆ ಮೂರು ಲೀಟರ್ ಆಯಿಲ್ ಸಾಕು, ಇದಕ್ಕೆ ಎಂಟರ ಆಸುಪಾಸು ಬೇಕು. ಹಿಂದಿನ ಟೈರು ಮುಂದಿನದಕ್ಕಿಂತ ಅಗಲ, ಹಾಗಾಗಿ ಹಿಂದಿಂದು ಮುಂದೆ ಹಾಕಿ ಆಯಸ್ಸು ಎಳೆಯೋ ನಮ್ಮ ಮಧ್ಯಮ ವರ್ಗದ ಉಪಾಯ ಇಲ್ಲಿ ನಡೆಯಲ್ಲ. ಬೆಂಗಳೂರಿನ ಜೆಸಿ ರಸ್ತೆಯ ಅಂಗಡಿಗಳಲ್ಲಿ ಮಾರುತಿಗೆ, ಇನ್ನೋವಾಗೆ ಸಿಗದ ಸಾಮಾನಿಲ್ಲ. ಬಾಕ್ಸ್‌ಸ್ಟರಿನ ವಾಟರ್ ಪಂಪ್ ಇದೆಯಾ ಅಂತ ಕೇಳಿ ನೋಡಿ. ಅಂಗಡಿಯವನು ಮೊದಲು ನಿಮಗೊಂದು ಸ್ಟೂಲು ಕೊಡ್ತಾನೆ.

ಇಷ್ಟು ಹೇಳಿದರೂ ಭಾವಮೈದ ಕದಲಲಿಲ್ಲ. "ನೋಡೋಕೆ ದುಡ್ಡು ಕೊಡಬೇಕಾ ಭಾವ? ಬನ್ನಿ" ಅಂತ ಎಳಕೊಂಡು ಹೋದ.

ಸೆಕೆಂಡ್ ಹ್ಯಾಂಡ್ ಕಾರು ಮಾರೋರ ಬಾಯಲ್ಲಿ ಕೆಲವು ಮಂತ್ರಗಳಿವೆ. ಸಿಂಗಲ್ ಓನರ್ ಸಾರ್. ಡಾಕ್ಟರ್ ಓಡಿಸಿದ ಗಾಡಿ ಸಾರ್. ಶೋರೂಂ ಕಂಡಿಷನ್, ಒಂದು ರೂಪಾಯಿ ಖರ್ಚಿಲ್ಲ ಸಾರ್. ಈ ರಾಜ್ಯದ ಡಾಕ್ಟರುಗಳೆಲ್ಲ ಸೇರಿ ಇಷ್ಟು ಕಾರು ಓಡಿಸಿದ್ದರೆ ಪೇಷೆಂಟುಗಳ ಗತಿ ಏನಾಗಬೇಕಿತ್ತು? ನಮ್ಮ ಕೆಂಪು ಕಾರನ್ನೂ ಡಾಕ್ಟರೇ ಓಡಿಸಿದ್ದು ಅಂದ ಬ್ರೋಕರ್. ಮೀಟರಿನಲ್ಲಿ ಬರೀ 22,000 ಕಿಲೋಮೀಟರು.

ಕಮ್ಮಿ ಓಡಿದೆ ಅಂದಾಕ್ಷಣ ನಮ್ಮ ಜನಕ್ಕೆ ಜೊಲ್ಲು ಸುರಿಯುತ್ತೆ. ಸ್ಪೋರ್ಟ್ಸ್ ಕಾರಿನಲ್ಲಿ ಅದೇ ಅನುಮಾನದ ಮೊದಲ ಕಾರಣ. ವರ್ಷಗಟ್ಟಲೆ ಬೇಸ್‌ಮೆಂಟಿನಲ್ಲಿ ನಿಂತ ಗಾಡಿಯ ರಬ್ಬರ್ ಸೀಲುಗಳು ಒಣಗುತ್ತವೆ, ಟೈರು ಕಲ್ಲಾಗುತ್ತೆ, ಬ್ಯಾಟರಿ ಸತ್ತಿರುತ್ತೆ. ಟೈರಿನ ಪಕ್ಕದಲ್ಲಿ ಡಾಟ್ ಅಂತ ಶುರುವಾಗೋ ಬರಹದ ಕೊನೇ ನಾಲ್ಕು ಅಂಕಿ ನೋಡಿ. 2316 ಅಂತಿದ್ದರೆ 2016ರ 23ನೇ ವಾರ ಹುಟ್ಟಿದ ಟೈರು. ಗೀರು ಎಷ್ಟೇ ಆಳವಾಗಿ ಕಾಣಲಿ, ಆ ಟೈರು ನಂಬಿ ನೂರರಲ್ಲಿ ಹೋಗೋದು ಬೇಡ.

ಪುಣ್ಯಕ್ಕೆ ಭಾವಮೈದ ಜತೆಯಲ್ಲಿ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದಿದ್ದ. ಜರ್ಮನ್ ಗಾಡಿಗಳನ್ನೇ ಬಿಚ್ಚಿ ಕಟ್ಟಿ ಕೂದಲು ಬೆಳ್ಳಗಾದ ಮನುಷ್ಯ. ನಾನು ನನ್ನ ವಿದ್ವತ್ತು ತೋರಿಸೋಣ ಅಂತ "ಬಾನೆಟ್ ಎತ್ತಿ, ಎಂಜಿನ್ ನೋಡೋಣ" ಅಂದೆ. ಎತ್ತಿದರು. ಒಳಗೆ ಡಿಕ್ಕಿ. ಹಿಂದೆ ಹೋಗಿ ಡಿಕ್ಕಿ ತೆಗೆದರೆ ಅಲ್ಲೂ ಡಿಕ್ಕಿ. ಒಂದು ಮೂಲೆಯಲ್ಲಿ ಆಯಿಲಿಗೊಂದು, ಕೂಲೆಂಟಿಗೊಂದು ಮುಚ್ಚಳ. ಎಂಜಿನ್ನು ನಡುವೆ ಎಲ್ಲೋ ಅಡಗಿ ಕೂತಿದೆ, ನೋಡಬೇಕಂದ್ರೆ ಟಾಪ್ ಮಡಚಿ ಮುಚ್ಚಳ ಬಿಚ್ಚಬೇಕು, ಇಲ್ಲಾ ಗಾಡಿಯನ್ನು ಲಿಫ್ಟಿಗೆ ಏರಿಸಿ ಕೆಳಗಿಂದ ನೋಡಬೇಕು. ಎರಡು ಡಿಕ್ಕಿ ಇದೆ ಅಂತ ಕೇಳಿದ ಮೇಲೆ ಮಾತ್ರ ನಮ್ಮತ್ತೆಗೆ ಆ ಕಾರಿನ ಮೇಲೆ ಸ್ವಲ್ಪ ಅಭಿಮಾನ ಮೂಡಿತು. ತೆಂಗಿನಕಾಯಿ ಚೀಲಕ್ಕಂತೂ ಜಾಗ ಆಯ್ತಲ್ಲ.

ಮೆಕ್ಯಾನಿಕ್ ಎಂಜಿನ್ ಕಡೆ ನೋಡಲೇ ಇಲ್ಲ. ಮೊದಲು ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ ಕಾರ್ಪೆಟ್ ಒತ್ತಿ, ಆ ಬೆರಳು ಮೂಸಿದ. ಬಟ್ಟೆ ಟಾಪಿನ ನೀರು ಹರಿದುಹೋಗೋಕೆ ಸಣ್ಣ ಸಣ್ಣ ತೂತುಗಳಿರುತ್ತವೆ. ಮರದ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ಎಲೆ, ಹೂವು ತುಂಬಿ ಅವು ಮುಚ್ಚಿಹೋಗುತ್ತವೆ. ಮಳೆ ನೀರು ಒಳಕ್ಕಿಳಿಯುತ್ತೆ. ಹಳೇ ಬಾಕ್ಸ್‌ಸ್ಟರುಗಳಲ್ಲಿ ಅಲಾರಂ, ಕೀ ಎಲ್ಲ ನೋಡಿಕೊಳ್ಳೋ ಎಲೆಕ್ಟ್ರಾನಿಕ್ ಪೆಟ್ಟಿಗೆ ಸರಿಯಾಗಿ ಸೀಟಿನ ಕೆಳಗೇ ಕೂತಿರುತ್ತೆ. ಬೆಂಗಳೂರಿನಂಥ ಮರ ಮತ್ತು ಮಳೆಯ ಊರಿಗೆ ಇದಕ್ಕಿಂತ ಪ್ರಶಸ್ತವಾದ ಏರ್ಪಾಡು ಬೇಕೇ?

ಆಮೇಲೆ ಒಂದು ಸಣ್ಣ ಯಂತ್ರ ತೆಗೆದು ಬಾಗಿಲು, ಬಾನೆಟ್ಟು, ಮಡ್‌ಗಾರ್ಡಿಗೆಲ್ಲ ಒತ್ತುತ್ತಾ ಹೋದ. ಬಣ್ಣದ ದಪ್ಪ ಅಳೆಯೋ ಯಂತ್ರ. ಕಾರ್ಖಾನೆಯ ಬಣ್ಣ ನೂರು, ನೂರೈವತ್ತು ಮೈಕ್ರಾನ್ ಆಸುಪಾಸು ಇರುತ್ತೆ. ಎಲ್ಲಾದರೂ ಅದು ಆರುನೂರು ಎಂಟುನೂರು ತೋರಿಸಿದರೆ ಕೆಳಗೆ ಪುಟ್ಟಿ ಮೆತ್ತಿದ್ದಾರೆ, ಅಂದರೆ ಡಾಕ್ಟರು ಎಲ್ಲೋ ಗುದ್ದಿದ್ದಾರೆ. ಇಲ್ಲಿ ಬಣ್ಣ ಸರಿಯಾಗೇ ಇತ್ತು. ಬ್ರೋಕರ್ ಮುಖ ಅರಳಿತು.

ಕೊನೆಗೆ ಸ್ಕ್ಯಾನರ್ ಚುಚ್ಚಿದ. ಈ ಕಾರಿನ ಕಂಪ್ಯೂಟರು ಚಾಡಿ ಹೇಳೋದರಲ್ಲಿ ನಿಸ್ಸೀಮ. ಎಂಜಿನ್ನನ್ನು ಮಿತಿ ಮೀರಿ ಗಿರಗಿರ ತಿರುಗಿಸಿದ್ದನ್ನೆಲ್ಲ ಬರೆದಿಟ್ಟಿರುತ್ತೆ. ಹುಟ್ಟಿದಾಗಿನಿಂದ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅನ್ನೋದನ್ನೂ. ಮೆಕ್ಯಾನಿಕ್ ಪರದೆ ನೋಡಿ, ಕನ್ನಡಕ ಮೇಲೇರಿಸಿ, ಮೊಬೈಲಿನಲ್ಲಿ ಭಾಗಾಕಾರ ಮಾಡಿದ.

"ಎಂಜಿನ್ ಓಡಿರೋದು 2,400 ಗಂಟೆ. ಮೀಟರಲ್ಲಿ 22,000. ಗಂಟೆಗೆ ಒಂಬತ್ತು ಕಿಲೋಮೀಟರ್ ಬಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲೇ ಸಂಸಾರ ಮಾಡಿದ್ರೂ ಇಷ್ಟು ನಿಧಾನ ಬರಲ್ಲ ಸಾರ್."

ಮೀಟರು ಹಿಂದಕ್ಕೆ ಹೋಗಿತ್ತು. ಬ್ರೋಕರಿಗೆ ಆ ಕ್ಷಣದಲ್ಲೇ ಒಂದು ಅರ್ಜೆಂಟ್ ಫೋನ್ ಬಂತು.

ಇದರ ಮೇಲೆ ಎಂಜಿನ್ನಿನ ಜಾತಕ ಬೇರೆ. 2008ರ ಮಾದರಿವರೆಗಿನ ಬಾಕ್ಸ್‌ಸ್ಟರುಗಳಲ್ಲಿ ಇಂಟರ್ಮೀಡಿಯೇಟ್ ಶಾಫ್ಟಿನ ಬೇರಿಂಗ್ ಅನ್ನೋ ಒಂದು ಪುಟ್ಟ ಸಾಮಾನಿದೆ. ಎಲ್ಲದರಲ್ಲೂ ಕೈ ಕೊಡುತ್ತೆ ಅಂತಲ್ಲ. ಕೊಟ್ಟರೆ ಮಾತ್ರ ಇಡೀ ಎಂಜಿನ್ನಿಗೆ ಎಳ್ಳುನೀರು. 2009ರಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಬೇರಿಂಗೇ ಇಲ್ಲ. ಒಂದೆರಡು ವರ್ಷದ ವ್ಯತ್ಯಾಸಕ್ಕೆ ಒಂದಿಷ್ಟು ಹೆಚ್ಚು ಕೊಡಬೇಕಾಗಿ ಬಂದರೆ ಯಾಕೆ ಅನ್ನೋದು ಈಗ ತಿಳೀತಲ್ಲ.

ಗಾಡಿ ಮುಗೀತು, ಇನ್ನು ಕಾಗದ. ಕೆಂಪು ಕಾರಿನ ನಂಬರು ದೆಹಲಿಯದು. ಅಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ 2014–15ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಹೌದಂತು. ಅಂದಿನಿಂದ ಗಡುವು ಹತ್ತಿರ ಬಂದ ಗಾಡಿಗಳು ಅಗ್ಗದ ಚೀಟಿ ಅಂಟಿಸಿಕೊಂಡು ದಕ್ಷಿಣಕ್ಕೆ ತೀರ್ಥಯಾತ್ರೆ ಬರೋಕೆ ಶುರು ಮಾಡಿದವು. ಆ ಅಗ್ಗದ ರೇಟಿಗೆ ನಮ್ಮ ತೆರಿಗೆ ಸೇರಿಸಿ ನೋಡಿ. ಹೊರರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿನ ನಂಬರು ಹಾಕಿಸಬೇಕು. ತೆರಿಗೆ ಲೆಕ್ಕ ಹಾಕೋದು ನೀವು ಕೊಟ್ಟ ರೇಟಿನ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ. ವಯಸ್ಸಿಗೆ ತಕ್ಕ ರಿಯಾಯಿತಿ ಉಂಟು, ಅಷ್ಟೇ. ನಮ್ಮ ಆರ್‌ಟಿಒದವರ ಕಣ್ಣು ತಪ್ಪಿಸ್ತೀನಿ ಅನ್ನೋರು 2025ರ ಜುಲೈ ನೆನಪಿಸಿಕೊಳ್ಳಲಿ. ಮಹಾರಾಷ್ಟ್ರ ನಂಬರಿನ ಕೆಂಪು ಫೆರಾರಿಯೊಂದರ ಒಡೆಯ ಬೆಂಗಳೂರಿನಲ್ಲಿ ಸುಮಾರು 1.4 ಕೋಟಿ ರೂಪಾಯಿ ಒಂದೇ ಸಲಕ್ಕೆ ಕಟ್ಟಿ ಹೋದ. ಕೆಂಪು ಬಣ್ಣ ಅಧಿಕಾರಿಗಳಿಗೂ ಚೆನ್ನಾಗೇ ಕಾಣುತ್ತೆ.

ಫಾರಂಗಳ ಸುಪ್ರಭಾತ ಹೀಗಿದೆ: ಹೊರರಾಜ್ಯದ ಎನ್‌ಒಸಿಗೆ 28, ಮಾಲೀಕತ್ವ ಬದಲಾವಣೆಗೆ 29 ಮತ್ತು 30, ಹಳಬನ ಸಾಲ ತೀರಿದೆ ಅನ್ನೋಕೆ 35. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮತ್ತೆ ನೋ ಕ್ಲೇಮ್ ಬೋನಸ್ ಅಂತ ಬ್ರೋಕರ್ ತೋರಿಸ್ತಾನಲ್ಲ, ಅದು ಹಳೇ ಮಾಲೀಕನ ಜತೆಗೇ ಹೋಗುತ್ತೆ. ಗಾಡಿ ಜತೆ ನಿಮ್ಮ ಮನೆಗೆ ಬರಲ್ಲ.

ಇಷ್ಟೆಲ್ಲ ದಾಟಿ ಕಾರು ಮನೆಗೆ ಬಂತು ಅಂತಿಟ್ಟುಕೊಳ್ಳಿ. ಓಡಿಸೋದು ಎಲ್ಲಿ? ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೂರರ ಮಿತಿ, ತಲೆ ಮೇಲೆ ಕ್ಯಾಮೆರಾ. 2024ರ ಆಗಸ್ಟಿನಿಂದ ರಾಜ್ಯದಲ್ಲಿ 130 ಮೀರಿದರೆ ಎಫ್‌ಐಆರ್. ಇನ್ನೂರೈವತ್ತು ಮುಟ್ಟೋ ಕಾರು ಕೊಂಡವನು ಕೊನೆಗೆ ಇನ್ನೋವಾದ ಹಿಂದೆಯೇ ಹೋಗಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಬಡಾವಣೆಗಳಲ್ಲಿ ಹಂಪ್ ಹಾಕಿದವರ ಕೈಗೆ ಆ ಪುಸ್ತಕ ಸಿಕ್ಕ ಲಕ್ಷಣ ಕಾಣಲ್ಲ. ನೆಲದಿಂದ ಗೇಣುದ್ದವೂ ಇಲ್ಲದ ಹೊಟ್ಟೆಯನ್ನು ಅದರ ಮೇಲೆ ದಾಟಿಸುವಾಗ ಹಸುಗೂಸನ್ನು ತೊಟ್ಟಿಲಿಗೆ ಮಲಗಿಸಿದಷ್ಟು ನಾಜೂಕು ಬೇಕು. ಹಿಂದಿನ ಆಟೋದವನಿಗೆ ಆ ತಾಳ್ಮೆ ಇರಲ್ಲ.

ಕೊನೆಗೆ ಭಾವಮೈದ ಕೊಂಡನೇ? ಕೊಂಡ. ಕೆಂಪಲ್ಲ, ಯಾರೂ ತಿರುಗಿ ನೋಡದ ಬೂದು ಬಣ್ಣದ್ದು. 2010ರ ಮಾದರಿ, ಕರ್ನಾಟಕದ್ದೇ ನಂಬರು, ಕಿಲೋಮೀಟರು ಜಾಸ್ತಿ, ರೇಟೂ ಜಾಸ್ತಿ. ಅದರ ಜತೆ ಒಂದು ದಪ್ಪ ಫೈಲಿತ್ತು. ಆಯಿಲ್ ಬದಲಿಸಿದ ಬಿಲ್ಲಿನಿಂದ ವೈಪರ್ ಬ್ಲೇಡಿನ ಚೀಟಿವರೆಗೆ ಎಲ್ಲವನ್ನೂ ಹಳೇ ಮಾಲೀಕ ದಿನಾಂಕವಾರು ಪಂಚ್ ಮಾಡಿಟ್ಟಿದ್ದ. ಮೆಕ್ಯಾನಿಕ್ ಕಾರಿಗಿಂತ ಹೆಚ್ಚು ಹೊತ್ತು ಆ ಫೈಲನ್ನೇ ನೋಡಿ, "ತಗೊಳ್ಳಿ ಸಾರ್" ಅಂದ. ಗಾಳಿ ಆಂಜನೇಯನ ಗುಡಿ ಮುಂದೆ ಪೂಜೆಯೂ ಆಯ್ತು. ನಾಲ್ಕು ಟೈರಿಗೆ ನಾಲ್ಕು ನಿಂಬೆಹಣ್ಣು ಇಟ್ಟ ಅರ್ಚಕರು ಒಳಗೆ ಇಣುಕಿ, "ಫ್ಯಾಮಿಲಿ ಇನ್ನೊಂದು ಗಾಡೀಲಿ ಬರ್ತಿದಾರಾ?" ಅಂತ ಕೇಳಿದರು.

ಹಾಗಾಗಿ ಈ ಕಾಯಿಲೆ ಹತ್ತಿದ ಓದುಗರಲ್ಲಿ ನನ್ನದೊಂದು ವಿನಂತಿ. ಹಳೇ ಸ್ಪೋರ್ಟ್ಸ್ ಕಾರು ಕೊಳ್ಳೋದಂದ್ರೆ ಹಿಂದಿನ ಮಾಲೀಕನ ಬುದ್ಧಿಯನ್ನು ಕೊಂಡಂತೆ. ಅವನು ಜೋಪಾನದವನಾಗಿದ್ದರೆ ನೀವು ಬದುಕಿದಿರಿ. ಇರೋ ದುಡ್ಡಷ್ಟನ್ನೂ ರೇಟಿಗೇ ಸುರೀಬೇಡಿ, ಮೂರರಲ್ಲಿ ಒಂದು ಪಾಲು ಮೊದಲ ವರ್ಷದ ರಿಪೇರಿಗೆ ಎತ್ತಿಡಿ. ಬಣ್ಣ ನೋಡೋ ಮೊದಲು ಫೈಲ್ ಕೇಳಿ. ಫೈಲ್ ಇಲ್ಲ ಅಂದರೆ, ಡಾಕ್ಟರ್ ಗಾಡಿಯೇ ಆಗಿರಲಿ, ಕೈಮುಗಿದು ಎದ್ದು ಬನ್ನಿ.