ರಿಸೀವರ್ ರಾಯರು

ಸಂಜೆ ಏಳರ ಮೇಲೆ ರಾಯರ ಮನೆ ಕತ್ತಲಾಗಿದ್ದರೆ ಕರೆಂಟು ಹೋಗಿದೆ ಎಂದುಕೊಳ್ಳಬೇಡಿ. ರಾಯರು ಸ್ಟೇಷನ್ ಹುಡುಕುತ್ತಿದ್ದಾರೆ, ಅಷ್ಟೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಸೊಸೆಯ ವೈಫೈ ಡಬ್ಬ, ಎಲ್ಲವೂ ಶಾರ್ಟ್‌ವೇವ್‌ನಲ್ಲಿ ಗೊರಗೊರ ಎಬ್ಬಿಸುತ್ತವೆಂದು ಒಂದೊಂದಾಗಿ ಆರಿವೆ. ಪಕ್ಕದ ಮನೆಯ ಇನ್ವರ್ಟರ್ ಬಗ್ಗೆ ಮಾತುಕತೆ ನಡೆಯುತ್ತಿದೆ.

ಮೇಜಿನ ಮೇಲಿರುವುದು ಅಮೆರಿಕದ ಆರ್‌ಸಿಎ ಕಂಪನಿಯ ಎಆರ್-88 ರಿಸೀವರ್. ಎರಡನೇ ಮಹಾಯುದ್ಧದ ಕಾಲದ್ದು. 14 ವಾಲ್ವು, ಸುಮಾರು 45 ಕಿಲೋ. ಯುದ್ಧ ಮುಗಿದ ಮೇಲೆ ಸೇನೆ ಹರಾಜು ಹಾಕಿದ ಮಾಲು ಕೈಯಿಂದ ಕೈಗೆ ದಾಟಿ ಇಲ್ಲಿಗೆ ಬಂದಿದೆ. ಮೇಜು ಇದಕ್ಕೆಂದೇ ಮಾಡಿಸಿದ ತೇಗದ್ದು; ಊಟದ ಮೇಜು ಮಾತ್ರ ಪ್ಲಾಸ್ಟಿಕ್ಕಿನದು. ಬಿಡಿ ವಾಲ್ವುಗಳನ್ನು ಹಳೇ ಕಾಲುಚೀಲಗಳಲ್ಲಿ ಸುತ್ತಿ ಬೀರುವಿನ ಒಳಗಿನ ಲಾಕರಿನಲ್ಲಿಟ್ಟು ಬೀಗ ಹಾಕಿದ್ದಾರೆ. ಹೆಂಡತಿಯ ಬಳೆಗಳು ಸಾಸಿವೆ ಡಬ್ಬಿಯಲ್ಲಿ ಕ್ಷೇಮವಾಗಿವೆ.

ಸ್ವಿಚ್ ಹಾಕಿದ ಕೂಡಲೇ ಕೇಳುವ ಹಾಗಿಲ್ಲ. ವಾಲ್ವು ಕಾಯಬೇಕು, ಆಸಿಲೇಟರ್ ಒಂದು ಕಡೆ ನೆಲೆ ನಿಲ್ಲಬೇಕು; ಇಲ್ಲದಿದ್ದರೆ ಹಿಡಿದ ಸ್ಟೇಷನ್ ಮೆಲ್ಲಗೆ ಜಾರುತ್ತದೆ. ಆ ಅರ್ಧ ಗಂಟೆ ಬಂದವರ ಗ್ರಹಚಾರ. 1935ರ ನ್ಯಾಷನಲ್ ಎಚ್‌ಆರ್‌ಒದಲ್ಲಿ ಬ್ಯಾಂಡ್ ಬದಲಿಸಲು ಕಾಯಿಲ್ ಪೆಟ್ಟಿಗೆಯನ್ನೇ ಕಿತ್ತು ಬೇರೆಯದನ್ನು ತುರುಕಬೇಕಿತ್ತು ಎಂಬಲ್ಲಿಂದ ರಾಯರ ಪ್ರವಚನ ಶುರುವಾಗುತ್ತದೆ. ಗೆಳೆಯರೊಬ್ಬರ ಬಳಿ ಬ್ರಿಟನ್ನಿನ ರಕಾಲ್ ಆರ್‌ಎ-17 ಇದೆ. ದಕ್ಷಿಣ ಆಫ್ರಿಕಾದ ಟ್ರೆವರ್ ವಾಡ್ಲಿ ಕಂಡುಹಿಡಿದ ಯುಕ್ತಿಯಿಂದಾಗಿ ಅದು ಜಾರುವುದು ಬಲು ಕಡಿಮೆ. ಡಯಲ್ ನೋಡಿ ಬೇಕಾದ ಫ್ರೀಕ್ವೆನ್ಸಿಗೆ ನೇರ ಹೋಗಬಹುದು. ರಾಯರ ದೃಷ್ಟಿಯಲ್ಲಿ ಅದು ಪುಸ್ತಕ ತೆರೆದಿಟ್ಟುಕೊಂಡು ಪರೀಕ್ಷೆ ಬರೆದ ಹಾಗೆ. ಆ ಗೆಳೆಯರ ಮನೆಗೆ ಹೋದಾಗ ಮಾತ್ರ ಅದರ ಗುಂಡಿ ಬಿಟ್ಟು ಏಳುವುದಿಲ್ಲ ಎಂದು ಕೇಳಿದ್ದೇನೆ.

ದೊಡ್ಡಬಳ್ಳಾಪುರದ ಕಡೆ ಆಕಾಶವಾಣಿ 500 ಕಿಲೋವಾಟಿನ ಟ್ರಾನ್ಸ್‌ಮಿಟರುಗಳನ್ನು ಸ್ಥಾಪಿಸಿದೆಯಲ್ಲ, ಅದನ್ನು ಕೇಳೋಣವೇ ಎಂದೆ ಒಮ್ಮೆ. "ಪಕ್ಕದೂರಿನವರ ಮಾತು ಕೇಳೋಕೆ 14 ವಾಲ್ವು ಯಾಕೆ ಸ್ವಾಮಿ?" ಎಂದರು. ದೂರವಿರಬೇಕು, ಕ್ಷೀಣವಾಗಿರಬೇಕು, ಮೇಲೆ ಯಾರಾದರೂ ಸಿಳ್ಳೆ ಹೊಡೆಯುತ್ತಿರಬೇಕು. ಸ್ಪಷ್ಟವಾಗಿ ಕೇಳಿಸುವ ಸ್ಟೇಷನ್ ಕಂಡರೆ ಅವರಿಗೆ ಎಲ್ಲಿಲ್ಲದ ತಾತ್ಸಾರ.

ಹಾಲ್‌ನ ಗೋಡೆ ಗಡಿಯಾರ ಯುಟಿಸಿ ತೋರಿಸುತ್ತದೆ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಅದನ್ನು ನಂಬಿ ಕೂತ ನೆಂಟರೊಬ್ಬರು ರಾತ್ರಿ ರೈಲು ತಪ್ಪಿಸಿಕೊಂಡು ಮಾತು ಬಿಟ್ಟಿದ್ದಾರೆ. ರಾಯರಿಗೆ ಅದು ಇನ್ನೂ ಗಮನಕ್ಕೆ ಬಂದಿಲ್ಲ.

ಮೊನ್ನೆ ಸಿಕ್ಕಿದ್ದು ರೇಡಿಯೋ ರೊಮೇನಿಯಾ. ಡಯಲಿನ ಭಾರದ ಚಕ್ರ ತಾನಾಗಿ ಉರುಳುತ್ತಿದ್ದುದನ್ನು ಎರಡು ಬೆರಳಿನಿಂದ ತಡೆದು, ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದರು. ಹೆಂಗಸೊಬ್ಬಳು ಏನೋ ಹೇಳುತ್ತಿದ್ದಳು. ಸ್ಟೇಷನ್ನಿನ ಹೆಸರು ಕಿವಿಗೆ ಬಿದ್ದದ್ದೇ ತಡ, ಟಾರ್ಚ್ ಬೆಳಕಿನಲ್ಲಿ ವಹಿ ತೆರೆದು ಸಿಗ್ನಲ್ಲಿನ ಬಲ, ಅಡ್ಡಿ, ಗದ್ದಲ, ಏರಿಳಿತ, ಒಟ್ಟಾರೆ ಗುಣ ಎಂದು ಐದಕ್ಕೆ ಇಷ್ಟರಂತೆ ಅಂಕ ಬರೆದು, ಕೇಳಿದ್ದಕ್ಕೆ ಸಾಕ್ಷಿಯಾಗಿ ಕ್ಯೂಎಸ್‌ಎಲ್ ಕಾರ್ಡು ತರಿಸಿಕೊಳ್ಳಲು ವಿಳಾಸ ಹುಡುಕತೊಡಗಿದರು. ಅಷ್ಟರಲ್ಲಿ ಡಯಲು ಬೇರೆಲ್ಲೋ ಹೋಗಿತ್ತು.

ಒಳಗಿನಿಂದ ಹೆಂಡತಿ ಕೂಗಿ ಕೇಳಿದರು: "ರೀ, ಏನಂತೆ ಸುದ್ದಿ?"

"34333 ಕಣೇ! ಈ ವರ್ಷದಲ್ಲೇ ಇಷ್ಟು ಒಳ್ಳೆ ಸುದ್ದಿ ಕೇಳಿರಲಿಲ್ಲ."